ಅಪ್ಪನಿಗೆ ತಿಳಿಯಬಾರದ್ದು

ಡಂಬಾರ್ಟನ್,
ನವೆಂಬರ್ ೨೦, ೧೮೫೫

ಪ್ರೀತಿಯ ಮಗಳು ಜೆಸ್ಸಿಗೆ,

ಎಡಿನ್‌ಬರೋದ ಚಳಿಯಲ್ಲಿ ಮೈ ಜೋಪಾನವಮ್ಮ. ನಾವು ಚೆನ್ನಾಗಿದ್ದೇವೆ ಎಂದು ಬರೆಯಲು ಕೈ ಬರುತ್ತಿಲ್ಲ. ಕ್ವಿಬೆಕ್‌ನಲ್ಲಿದ್ದ ಗಂಡನ ಬಳಿಗೆಂದು ಹೊರಟ ನಿನ್ನಕ್ಕ ಎಲ್ಸ್‌ಪೆತ್ ಮುಳುಗಿ ಎರಡು ತಿಂಗಳಾಯಿತು. ಹೆಣವೂ ಸಿಗಲಿಲ್ಲ.

ಹೊಸವರ್ಷಕ್ಕೆ ನೀನು ಬರುವ ಮೊದಲು ಒಂದು ಮಾತು. ಅವಳ ಹಡಗು ಮುಳುಗಿದ್ದರ ವಿಚಾರಣೆ ಗ್ಲಾಸ್ಗೋದಲ್ಲಿ ಮುಗಿಯಿತು. ಕಬ್ಬಿಣದ ಉಗಿಹಡಗು ಕಟ್ಟುವಾಗ ಸುತ್ತಿಗೆಯ ಏಟು ಬಿದ್ದೂ ಬಿದ್ದೂ ಅದರ ಮೈಯೆಲ್ಲ ಅಯಸ್ಕಾಂತವಾಗುತ್ತದಂತೆ. ಹೊರಡುವಾಗ ದಿಕ್ಸೂಚಿಯನ್ನು ಸರಿಮಾಡಿಯೇ ಕಳಿಸಿದ್ದರು. ಆದರೆ ದಾರಿಯಲ್ಲಿ ಅಲೆ ಬಡಿದ ಹಾಗೆಲ್ಲ ಆ ಸೆಳೆತ ಬದಲಾಗಿ ಮುಳ್ಳು ಸುಳ್ಳು ಹೇಳಿತಂತೆ. ಮಂಜಿನಲ್ಲಿ ಕಪ್ತಾನ ಅದನ್ನೇ ನಂಬಿ ಬಂಡೆಗೆ ನುಗ್ಗಿಸಿದ.

ಇದು ನಿಮ್ಮಪ್ಪನಿಗೆ ಗೊತ್ತಿಲ್ಲ. ಹಡಗಿನ ಹಾಳೆ ಬೆಸೆಯುವ ರಿವೆಟ್ ಮೊಳೆ ಬಡಿದು ಬಡಿದು ಅವರ ಕಿವಿ ಹೋಗಿದ್ದೇ ಒಳ್ಳೆಯದಾಯಿತು ಅನ್ನಿಸುತ್ತದೆ, ಎಂಥ ಹೆಂಗಸು ನಾನು! ಪತ್ರಿಕೆಯ ಸಣ್ಣಕ್ಷರ ಅವರಿಗೆ ಹತ್ತುವುದಿಲ್ಲ. ನಾನು ಸ್ಲೇಟಿನ ಮೇಲೆ ದಪ್ಪಗೆ ಬರೆದು ತೋರಿಸಿದ್ದೇ ಅವರಿಗೆ ಸುದ್ದಿ. "ಮಂಜು" ಎಂದಷ್ಟೇ ಬರೆದೆ.

ಅವಳು ಮರದ ಹಡಗಿನಲ್ಲಿ ಹೋಗುತ್ತೇನೆಂದಾಗ ಎಷ್ಟು ರೇಗಿದ್ದರು, ನೆನಪಿದೆಯಾ? "ನಿಮ್ಮಪ್ಪ ಬಡಿದ ಹಡಗಿರೋವಾಗ ಆ ಹಳೇ ಸೌದೆ ಮೇಲೆ ಹೋಗ್ತೀಯೇನೇ?" ಎಂದು ತಾವೇ ಕೈಹಿಡಿದು ಹತ್ತಿಸಿ ಬಂದರು. ಈಗ ದಿನಾ ಓಟ್ಸ್ ಗಂಜಿಯ ಮುಂದೆ ಕೂತು ಒಂದೇ ಮಾತು, ಬಂಡೆಗೆ ಬಡಿದರೂ ತಮ್ಮ ಒಂದು ರಿವೆಟ್ಟೂ ಬಿಟ್ಟುಕೊಳ್ಳಲಿಲ್ಲವಂತೆ. ಬದುಕಿ ಬಂದ ನಾವಿಕ ಹಾಗೆಂದನೆಂದು ನಾನೇ ಬರೆದು ತೋರಿಸಿದ್ದು. ಅದೂ ಸುಳ್ಳೇ. ಅದೊಂದನ್ನು ಹಿಡಿದುಕೊಂಡು ಎದ್ದು ಹಡಗುಕಟ್ಟೆಗೆ ಕೆಲಸಕ್ಕೆ ಹೋಗುತ್ತಾರೆ.

ನೀನು ಬಂದಾಗ ಬಾಯಿ ಬಿಡಬೇಡ. ಮುಖದಲ್ಲೂ ಏನೂ ತೋರಿಸಬೇಡ, ಕಿವಿ ಕೇಳದವರು ಮುಖ ನೋಡಿಯೇ ತಿಳಿದುಕೊಳ್ಳುತ್ತಾರೆ. ಇದು ಗೊತ್ತಾದರೆ ಅವರು ಉಳಿಯುವುದಿಲ್ಲ. ಇನ್ನೊಬ್ಬರನ್ನು ಕಳೆದುಕೊಳ್ಳುವ ಶಕ್ತಿ ನನಗಿಲ್ಲ ಮಗಳೇ.

ನಿನ್ನ ನತದೃಷ್ಟ ಅಮ್ಮ,
ಎಫಿ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ನಿಮ್ಮಪ್ಪ ಬಂದುಬಿಟ್ಟರು, ಕೆಲಸ ಅರ್ಧಕ್ಕೇ ಬಿಟ್ಟು. ಜೊತೆಯವರು ಯಾರೋ ಕಬ್ಬಿಣದ ಹಾಳೆಯ ಮೇಲೆ ಸೀಮೆಸುಣ್ಣದಲ್ಲಿ ಹಡಗು, ಸುತ್ತಿಗೆ, ದಿಕ್ಸೂಚಿ ಎಲ್ಲ ಬರೆದು ತೋರಿಸಿದ್ದಾರೆ. ಕೂಗಾಡಲಿಲ್ಲ, ಅಳಲಿಲ್ಲ. ಸ್ಲೇಟನ್ನು ನನ್ನ ಮುಂದಿಟ್ಟು ಕೇಳಿದರು: "ಎಫಿ, ಮಗೂನ ದಾರಿ ತಪ್ಸಿದ್ದು ನಾನೇನಾ? ಬರಿ." ಎದುರಿಗೇ ಕೂತಿದ್ದಾರೆ ಜೆಸ್ಸಿ. ನಾನು ಬರೆಯುತ್ತಿರುವುದು ತಮಗೇ ಉತ್ತರ ಅಂದುಕೊಂಡು ಕಾಯುತ್ತಿದ್ದಾರೆ.