ಕಣ್ಣಿಗೆ ಬೀಳುವ ಬಣ್ಣ

ಕಾರಿನ ಸಾಹೇಬರಿಗೆ ನಮಸ್ಕಾರ.

ಆಸ್ಪತ್ರೆಗೆ ಬಂದು, "ಅಮ್ಮಾ, ನಿಮ್ಮ ಮಗಳ ಬೈಕು ಕಾಣ್ಲೇ ಇಲ್ಲ" ಎಂದಿರಿ. ನಾನು ದರ್ಜಿ. ಅವಳ ಗಿಳಿಹಸಿರು ಜಾಕೆಟ್ ಹೊಲಿದು, ಬೆನ್ನಿಗೆ ಮಿಂಚುವ ಪಟ್ಟಿ ಹಚ್ಚಿದವಳು ನಾನೇ. "ಬೀದಿಯವರೆಲ್ಲ ಗಿಳಿ ಅಂತ ಕರೀತಾರೆ ಕಣಮ್ಮಾ" ಎಂದು ಗೊಣಗುತ್ತಲೇ ಹಾಕಿಕೊಳ್ಳುತ್ತಿದ್ದಳು.

ನಿಮ್ಮ ಮಾತು ನಂಬಿ, ತೋಳಿಗೂ ಪಟ್ಟಿ ಹಾಕಬೇಕಿತ್ತೆಂದು ನನ್ನನ್ನೇ ಬೈದುಕೊಂಡೆ, ಪೆದ್ದಿ! ನೀವು ತಲೆ ತಗ್ಗಿಸಿ ಫೋನ್ ನೋಡುತ್ತಿದ್ದಿರೆಂದು ಎಚ್ಚರವಾದ ಮೇಲೆ ಮಗಳು ಹೇಳಿದಳು.

ಆ ಜಾಕೆಟನ್ನು ಡಾಕ್ಟರು ಕತ್ತರಿಸಿ ತೆಗೆದರು. ಕಾಲಿನ ಕಟ್ಟು ಬಿಚ್ಚಿದ ಕೂಡಲೇ ಬೈಕ್ ಹತ್ತುತ್ತೇನೆಂದು ಅವಳದು ಒಂದೇ ಹಟ. ಹೊಸದು ಹೊಲಿಯಬೇಕು.

ಇನ್ನು ಹಣ್ಣಿನ ಬುಟ್ಟಿ ಕಳಿಸಬೇಡಿ. ರಸ್ತೆ ಬಿಟ್ಟು ನೋಡುತ್ತಿದ್ದಿರಲ್ಲ, ಆ ಫೋನಿನ ಪರದೆ ಯಾವ ಬಣ್ಣದ್ದೆಂದು ತಿಳಿಸಿ. ಅದೇ ಬಣ್ಣದ ಬಟ್ಟೆ ತರುತ್ತೇನೆ.

ಇಂತಿ,
ಗಿಳಿಯ ತಾಯಿ