ಸೋಪಿನವರ ಸುಳ್ಳು ಸಂಸಾರ

ಅಕ್ಕಾ,

ಕಾರ್ಡು ಚಿಕ್ಕದು, ಹೊಟ್ಟೆಯುರಿ ದೊಡ್ಡದು. ಈ ರಕ್ಷಿತ ಕಾಡಿನಲ್ಲಿ ಜಾಹೀರಾತು ಚಿತ್ರೀಕರಿಸಲು ಅನುಮತಿ ಬೇಕು. ಮನೆಮಂದಿ ಸುಮ್ಮನೆ ನೋಡಿ ಹೋಗಲು ಅನುಮತಿ ಬೇಕಿಲ್ಲ. ನಮ್ಮ ನಿರ್ದೇಶಕ ಮಹಾಶಯ ಸೋಪಿನ ಜಾಹೀರಾತು ತೆಗೆಯಲು ಬಂದು, ಅನುಮತಿ ಕೇಳುವ ಬದಲು ನಮ್ಮನ್ನೆಲ್ಲ ಒಂದೇ ಸಂಸಾರದವರೆಂದು ಹೇಳಿ ಒಳಗೆ ಕರೆತಂದುಬಿಟ್ಟ. ಬಟ್ಟೆ ಹೊಲಿಯಲು ಬಂದ ನಾನು ಅವನ ತಾಯಿಯಂತೆ! ಆ ಬೋಳುತಲೆಯವನು ನನಗಿಂತ ದೊಡ್ಡವನು.

ಕೆರೆಯ ನಡುವಿನ ಮರಗಳ ತುಂಬ ಬಿಳಿ ಹಕ್ಕಿಗಳು ಮರಿಗಳನ್ನು ರೆಕ್ಕೆಯಡಿ ಇಟ್ಟುಕೊಂಡು ಕೂತಿದ್ದವು. ಕ್ಯಾಮೆರಾ ಮುಂದೆ ಅವೆಲ್ಲ ಒಟ್ಟಿಗೆ ಹಾರಬೇಕೆಂದು ಇವನು ಚೀಲದಿಂದ ಪಟಾಕಿ ತೆಗೆದ. ಅಷ್ಟರಲ್ಲಿ ಕಾಡಿನ ಕಾವಲಿನ ಹೆಂಗಸು ಬಂದಳು.

"ಯಾರಮ್ಮ ಇವರೆಲ್ಲ?" ಎಂದು ನನ್ನನ್ನೇ ಕೇಳಿದಳು.

"ನಿನ್ನ ಮಗ ಅಂತ ಹೇಳಮ್ಮಾ," ಎಂದು ಇವನು ಹಲ್ಲು ಕಿರಿದ.

"ಇಂಥವನ್ನ ಹೆತ್ತಿದ್ರೆ ನಾನೇ ಕೆರೆಗೆ ಹಾರ್ತಿದ್ದೆ. ಸೋಪು ಮಾರೋಕೆ ಬಂದವನು ಇವನು, ಮೊದಲು ಆ ಪಟಾಕಿ ಕಿತ್ಕೊಳ್ಳಿ," ಅಂದೆ.

ಕ್ಯಾಮೆರಾ ಜಪ್ತಿಯಾಯಿತು. ಹಕ್ಕಿಗಳು ಕೂತಲ್ಲೇ ಉಳಿದವು. ನನ್ನ ಕೆಲಸ ಅಲ್ಲೇ ಹೋಯಿತು.

ನನ್ನ ಮಂಡಿನೋವು ಈಗ ಪರವಾಗಿಲ್ಲ. ಕೆಲಸ ಕಳೆದುಕೊಂಡೆ ಅಂತ ಭಾವ ಬೈದರೆ ಬಂದು ಬೈಸಿಕೊಳ್ಳುತ್ತೇನೆ. ಬರುವ ಭಾನುವಾರ ರಾತ್ರಿ ಅನ್ನಕ್ಕಿಡುವಾಗ ನನ್ನ ಪಾಲಿನ ಅಕ್ಕಿಯನ್ನೂ ಹಾಕು. ಬಸ್ಸು ಬಂತು.

ನಿನ್ನ ತಂಗಿ