ಪವಾಯಿಯ ಕುದ್ರು

೧೨ ಎಪ್ರಿಲ್ ೧೯೫೩, ಭಾನುವಾರ

ಗಲ್ಲಾದಲ್ಲಿ ಕೂತು ಕೂಡಿಸಿದೆ. ಗ್ರಾಂಟ್ ರೋಡಿನ ನಮ್ಮ ಹೋಟೆಲಿನಿಂದ ಸಿನಿಮಾದವರಿಗೆ ಹೋದ ಊಟ — ಸಾವಿರದ ಇನ್ನೂರು ರೂಪಾಯಿ. ಬಾಳೆ, ಬಿದಿರು, ತೆಂಗಿನ ಸಸಿ — ನೂರಾ ಎಂಬತ್ತು. ದಾನಪ್ಪನವರು ಬಾಡಿಗೆಗೆ ಕೊಟ್ಟ ಅರವತ್ತು ಡ್ರಮ್ಮಿಗೆ ಜಾಮೀನು — ನನ್ನ ಬಾಯಿ. ಪ್ರೊಡ್ಯೂಸರ್ ಪರಾರಿ. ನನ್ನ ಪಾಲಿಗೆ ಉಳಿದದ್ದು ಪವಾಯಿ ಕೆರೆಯಲ್ಲಿ ಸಿನಿಮಾಕ್ಕೆ ಕಟ್ಟಿಸಿದ ಐದು ದ್ವೀಪ.

ಎರಡು ಚಂದ್ರರಿರುವ ಯಾವುದೋ ಲೋಕದ ಕಥೆಯಂತೆ. ಖಾಲಿ ಡ್ರಮ್ಮಿನ ಮೇಲೆ ಹಲಗೆ, ಹಲಗೆಯ ಮೇಲೆ ಮಣ್ಣು, ಮಣ್ಣಿನ ಮೇಲೆ ಕಾಡು. ಸಾಲಾಗಿ ತೇಲುತ್ತವೆ. ತಗಡಿನ ಚಂದ್ರ ಇನ್ನೂ ಬಿದಿರಿನ ತುದಿಯಲ್ಲಿದ್ದಾನೆ.

೧೯ ಎಪ್ರಿಲ್

ವಾರಿಜಾಳನ್ನು ಪವಾಯಿಗೆ ಕರೆದುಕೊಂಡು ಹೋದೆ. ಬಸುರಿ, ಐದು ತುಂಬಿ ಆರು. ಮುಂದಿನ ತಿಂಗಳು ಬಯಕೆ ಉಣಿಸಿ ತವರಿಗೆ ಕಳಿಸಬೇಕು. ಕಳಿಸುವುದು ಎಲ್ಲಿಗೆ? ಹೊಳೆಯ ನಡುವಿನ ಅವಳ ಕುದ್ರು ಕಳೆದ ಮಳೆಗಾಲದ ನೆರೆಗೆ ಹೋಯಿತು — ಮನೆ, ತೆಂಗು, ಮಣ್ಣು ಸಮೇತ. ಅಪ್ಪ ಅಮ್ಮ ಮೊದಲೇ ಇಲ್ಲ. ಅಣ್ಣ ತಮ್ಮಂದಿರೂ ಇಲ್ಲ. ಅಂದಿನಿಂದ ಬಟ್ಟಲಿನ ಮುಂದೆ ಉಣ್ಣದೆ ಕೂರುತ್ತಾಳೆ. ಹೋಟೆಲಿನವನ ಹೆಂಡತಿಗೆ ರಕ್ತವಿಲ್ಲ ಎಂದು ಡಾಕ್ಟರ್ ನನಗೆ ಬೈಯುತ್ತಾರೆ.

ದೋಣಿಯಿಂದ ಮೂರನೇ ದ್ವೀಪಕ್ಕೆ ಇಳಿದಳು. ಎಲೆಗಳ ನಡುವಿನಿಂದ ಬಿಸಿಲು ಹಸಿರಾಗಿ ಬೀಳುತ್ತಿತ್ತು. ಕಾಲಡಿಯ ನೆಲ ನಿದ್ದೆಯಲ್ಲಿರುವವರ ಎದೆಯ ಹಾಗೆ ಮೆಲ್ಲಗೆ ಏರಿ ಇಳಿಯಿತು.

"ಕುದ್ರು ಅಂದ್ರೆ ಅಂಚಿಗೆ ಕೇದಗೆ ಬೇಕು. ಇಲ್ಲದಿದ್ರೆ ಮಣ್ಣು ನಿಲ್ತದಾ?"

"ಇದು ಬೇರೆ ಲೋಕ ಮಾರಾಯ್ತಿ. ಇಲ್ಲಿ ಎರಡು ಚಂದ್ರ."

"ಹತ್ತು ಇರ್ಲಿ. ನೀರಿಗೆ ಅದೆಲ್ಲ ಗೊತ್ತುಂಟಾ?"

ವಾಪಸು ಬರುವಾಗ ಹಸಿವು ಅಂದಳು. ಎಷ್ಟು ತಿಂಗಳಾಗಿತ್ತು ಆ ಮಾತು ಕೇಳಿ…

೨೭ ಎಪ್ರಿಲ್

ವಸಯಿ ಕಡೆಯಿಂದ ದ್ವೀಪದ ಅಂಚಿಗೆ ಕೇದಗೆ ತಂದೆ, ಲೋಕಲ್ ರೈಲಿನಲ್ಲಿ. ಮುಳ್ಳು ನೋಡಿ ಎಲ್ಲರೂ ದೂರ ಸರಿದರು. ಈ ಊರಿಗೆ ಬಂದ ಮೇಲೆ ಮೊದಲ ಸಲ ಕಾಲು ಚಾಚಿ ಕೂತೆ.

೧೭ ಮೇ

ಪರೇಲಿನಿಂದ ದಾನಪ್ಪನವರು. ಬಿಜಾಪುರದ ಕಡೆಯ ವ್ಯಾಪಾರಿ, ಬಿಸಿಲಿನಲ್ಲೇ ಬೆಳೆದ ಜೀವ.

"ಶೆಟ್ರ, ಮಳಿ ಹತ್ತೂದ್ರಾಗ ನನ್ನ ಡ್ರಮ್ಮು ಬೇಕ್ರಿ. ಅರವತ್ತೂ."

"ಅವು ಈಗ ಡ್ರಮ್ಮಲ್ಲ ಸಾವ್ಕಾರ್ರೇ, ಊರು. ಒಮ್ಮೆ ಬಂದು ನೋಡಿ."

"ನಿಮ್ಮ ಬಾಯಾಗ ಡ್ರಮ್ಮೂ ಊರ ಆಗತೈತಿ."

ಆದರೂ ಬರುತ್ತಾರಂತೆ. ಎಣಿಸುವುದಕ್ಕೆ.

೨೪ ಮೇ, ಸಂಜೆ

ದೋಣಿಯಲ್ಲಿ ದಾನಪ್ಪ ಎರಡೂ ಕೈಯಿಂದ ಅಂಚು ಹಿಡಿದು ಕೂತರು. ಹೆಂಡತಿ ಅಂಬವ್ವ ಸೆರಗು ಬಾಯಿಗಿಟ್ಟು ನಕ್ಕರು. ದ್ವೀಪದಲ್ಲಿ ವಾರಿಜಾ ಗಂಜಿಗೆ ಇಟ್ಟಿದ್ದಳು. ಹೊಗೆ ಬಾಳೆ ಎಲೆಗಳ ಕೆಳಗೆ ನಿಂತಿತ್ತು. ನೀರಿನೊಳಗೆ ಇನ್ನೊಂದು ಕಾಡು ತಲೆಕೆಳಗಾಗಿ ಅಲುಗುತ್ತಿತ್ತು. ದಾನಪ್ಪ ಒಂದು ಡ್ರಮ್ಮೂ ಎಣಿಸಲಿಲ್ಲ.

"ತವರಿಗೆ ಯಾವಾಗ ಹೋಗ್ತಿ ತಂಗಿ?" ಅಂಬವ್ವ ಕೇಳಿದರು.

"ಇದೇ ತವರು ಅಕ್ಕ."

ಮಾತು ಮಾರಿ ಮೇಲೆ ಬಂದವನು ನಾನು. ಈಗ ಒಲೆಗೆ ಸೌದೆ ನೂಕುತ್ತಾ ಕೂತೆ. ಕತ್ತಲಾಗುತ್ತಿತ್ತು. ಮೇಲೊಬ್ಬ ಚಂದ್ರ, ಬಿದಿರಿನಲ್ಲೊಬ್ಬ. ನೀರಿನಲ್ಲಿ ಯಾವ ಬಿಂಬ ಯಾರದ್ದೋ.

ದಾನಪ್ಪ ಕಾಲಡಿಯ ಮಣ್ಣು ತಟ್ಟಿದರು. "ನಾಕು ಒಡೀರಿ. ಇದನ್ನ ಬಿಡ್ರಿ. ತವರ ಒಡ್ಯಾಕ ಬರೂದಿಲ್ಲ."

೩೧ ಮೇ

ಬಯಕೆ, ಕುದ್ರುವಿನಲ್ಲೇ. ಅಣ್ಣನ ಜಾಗದಲ್ಲಿ ದಾನಪ್ಪ. ಹಸಿರು ಸೀರೆ, ಕುಬಸ, ಬುಟ್ಟಿ ತುಂಬ ಜೋಳದ ರೊಟ್ಟಿ. ವಾರಿಜಾ ಎರಡು ತಿಂದು ಮೂರನೆಯದಕ್ಕೆ ಕೈ ಚಾಚಿದಳು.

೧೪ ಜೂನ್

ಜೋರು ಮಳೆ. ಬೆಳಿಗ್ಗೆ ಹೋಗಿ ನೋಡಿ ಬಂದೆ. ಮಣ್ಣು ನಿಂತಿದೆ. ಇನ್ನು ಲೆಕ್ಕ ಮುಗಿಸಬೇಕು.

ಪ್ರೊಡ್ಯೂಸರಿಗೆ — ಪುಕ್ಕಟೆ ಊಟ.
ದಾನಪ್ಪನವರಿಗೆ — ನಲವತ್ತೆಂಟು ಡ್ರಮ್ಮು, ಒಬ್ಬಳು ತಂಗಿ. ಉಳಿದ ಹನ್ನೆರಡರ ಬಾಡಿಗೆ ಬಿಟ್ಟಿಲ್ಲ. ನಾನು ಭಾವ ಎಂದು ಎಂಟಾಣೆ ಕಡಿಮೆ ಮಾಡಿದ್ದಾರೆ.
ವಾರಿಜಾಳಿಗೆ — ಎಂಟು ಹೆಜ್ಜೆ ಅಗಲದ ತವರು.
ನನಗೆ —

ಒಳಗಿನಿಂದ ಕೂಗುತ್ತಿದ್ದಾಳೆ. ಹಸಿವಂತೆ…